ಬೂಟಿಗೆ ಎಷ್ಟು ಹಲ್ಲು?

ದೇವರಾಯನದುರ್ಗದಲ್ಲಿ ಯೋಗನರಸಿಂಹನ ದರ್ಶನ ಮುಗಿಸಿ ಇಳಿದು ಬರುವಾಗ, ಪಾಚಿ ಹಿಡಿದ ಬಂಡೆಯೊಂದರ ಮೇಲೆ ನಾನು ಕುಳಿತೆ. ‘ಕುಳಿತೆ’ ಎನ್ನುವುದು ನನ್ನ ಪಾಠ. ಜೊತೆಗಿದ್ದ ಬಾಮೈದನ ಪಾಠದಲ್ಲಿ ‘ಭಾವ ದಬಕ್ಕನೆ ಬಿದ್ದರು’ ಎಂದಿದೆ. ಹಿರೇಹಳ್ಳಿಯಲ್ಲಿ ಸದ್ಯ ಚಾಲ್ತಿಯಲ್ಲಿರುವುದು ಅವನ ಪಾಠಾಂತರವೇ.

ಆಗಷ್ಟೇ ತುಂತುರು ನಿಂತಿತ್ತು. ಕಾಲಲ್ಲಿ ಇದ್ದದ್ದು ಆಫೀಸಿನ ಶೂ. ಹನ್ನೊಂದು ವರ್ಷ ಮೆಟ್ಟಿ ಮೆಟ್ಟಿ ಅದರ ಅಟ್ಟೆ ಹೋಳಿಗೆ ಮಣೆಯಷ್ಟು ನುಣ್ಣಗಾಗಿತ್ತು. ಕುಳಿತ ರಭಸಕ್ಕೆ ಪ್ಯಾಂಟು ಹಿಂಬದಿಯಲ್ಲಿ ಹರಿದು, ಬಾಮೈದನ ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಂಡು ಬಸ್ಸು ಹತ್ತಿದೆ. ಮನೆಯಾಕೆ ಮೊದಲು ಪ್ಯಾಂಟು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. “ಹೊಸಾದಲ್ವೇನ್ರೀ ಇದು?” ಎಂದು ಕೇಳಿದ್ದು ಪ್ಯಾಂಟಿನ ವಿಷಯಕ್ಕೆ.

ಈ ವಯಸ್ಸಿನಲ್ಲಿ ಬೆಟ್ಟ ಹತ್ತುವ ತೆವಲು ಯಾಕೆ ಎಂದು ನೀವು ಕೇಳಬಹುದು. ಡಾಕ್ಟರು ನಡೆಯಲು ಹೇಳಿದ್ದರು. ನಮ್ಮ ಹಿರೇಹಳ್ಳಿಯಲ್ಲಿ ನಡೆಯುವುದು ಹೇಳಿದಷ್ಟು ಸುಲಭವಲ್ಲ. ಈ ಕಡೆಗೆ ಹೋದರೆ ಬೆಂಗಳೂರು–ತುಮಕೂರು ಹೆದ್ದಾರಿ. ಆ ಕಡೆಗೆ ಹೋದರೆ ಕೈಗಾರಿಕಾ ಪ್ರದೇಶದ ಲಾರಿಗಳು. ಇನ್ನೊಂದು ಕಡೆ ರೈಲು ಹಳಿ. ಸಮತಟ್ಟಾದ ಜಾಗಗಳನ್ನೆಲ್ಲ ಚಕ್ರಗಳು ಹಿಡಿದುಕೊಂಡ ಮೇಲೆ ಕಾಲಿಗೆ ಉಳಿಯುವುದು ಬೆಟ್ಟಗಳು ಮಾತ್ರ. ಪುಣ್ಯಕ್ಕೆ ನಮ್ಮಲ್ಲಿ ಅವಕ್ಕೆ ಬರವಿಲ್ಲ. ಸಿದ್ಧಗಂಗೆ, ಬಸದಿ ಬೆಟ್ಟ, ದೇವರಾಯನದುರ್ಗ, ದಾಬಸ್‌ಪೇಟೆ ದಾಟಿದರೆ ಶಿವಗಂಗೆ, ಹೀಗೆ ದಿಕ್ಕಿಗೊಂದು ನಿಂತು ಕರೆಯುತ್ತವೆ. ಹತ್ತುವಾಗ ಎಲ್ಲವೂ ಸಭ್ಯ ಬೆಟ್ಟಗಳೇ. ಅವುಗಳ ನಿಜವಾದ ಗುಣ ತಿಳಿಯುವುದು ಇಳಿಯುವಾಗ.

ಬೆಂಗಳೂರಿನಲ್ಲಿರುವ ಮಗನಿಗೆ ಸುದ್ದಿ ಮುಟ್ಟಿತು (ಬಾಮೈದನ ಪಾಠವೇ ಮುಟ್ಟಿತ್ತು). “ಅಪ್ಪಾ, ನಿಮಗೆ ಬೇಕಾಗಿರೋದು ಟ್ರೇಲ್ ರನ್ನಿಂಗ್ ಶೂ” ಎಂದ. ರಸ್ತೆಯಲ್ಲಿ ಓಡುವವರಿಗೆ ಒಂದು ಶೂ, ಕಾಲುದಾರಿಯಲ್ಲಿ ಓಡುವವರಿಗೆ ಇನ್ನೊಂದು ಎಂಬುದು ಆಗ ಗೊತ್ತಾಯಿತು. ಕಾಲುದಾರಿಯಲ್ಲಿ ಓಡುವುದೂ ಒಂದು ಕ್ರೀಡೆಯಂತೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ‘ಮಲ್ನಾಡ್ ಅಲ್ಟ್ರಾ’ ಎಂಬ ಓಟ ನಡೆಯುತ್ತದೆ, 50 ಕಿಲೋಮೀಟರಿನದು ಇದೆ, 100ರದೂ ಇದೆ. ಕಾಫಿಗಾಗಿ ನಾನು ಅಡುಗೆಮನೆಯವರೆಗೆ ಹೋದದ್ದುಂಟು, ಅದಕ್ಕಿಂತ ದೂರ ಹೋದ ನೆನಪಿಲ್ಲ. ಆದರೆ ಯೋಚಿಸಿ ನೋಡಿದರೆ ಈ ಕ್ರೀಡೆ ನಮಗೆ ಹೊಸದೇನಲ್ಲ. ಹುಡುಗರಾಗಿದ್ದಾಗ ಹಗ್ಗ ಕಿತ್ತುಕೊಂಡ ಎಮ್ಮೆಯ ಹಿಂದೆ ಬದುವಿನ ಮೇಲೆ, ಹಳ್ಳದಲ್ಲಿ, ಜಾಲಿ ಮೆಳೆಯ ನಡುವೆ ಓಡಿದ್ದು ಮತ್ತೇನು? ಬರಿಗಾಲಲ್ಲಿ ಓಡಿದ್ದರಿಂದ ಅದಕ್ಕೆ ಹೆಸರು ಬರಲಿಲ್ಲ, ಅಷ್ಟೇ. ಮುಳ್ಳು ನೆಟ್ಟರೆ ಅವ್ವ ಪಿನ್ನಿನಿಂದ ಕೆದಕಿ ಎಕ್ಕದ ಹಾಲು ಬಿಡುತ್ತಿದ್ದಳು. ನಮ್ಮ ಕಾಲದ ಕ್ರೀಡಾ ವೈದ್ಯ ಅಲ್ಲಿಗೆ ಮುಗಿಯಿತು.

ಮಗ ಫೋನಿನಲ್ಲಿ ಶೂಗಳ ಚಿತ್ರ ಕಳಿಸಿದ. ಒಂದೊಂದರ ಕೆಳಗೂ ಒಂದೊಂದು ಜಾತಕ. ‘ಡ್ರಾಪ್ 6 ಮಿ.ಮೀ., ಲಗ್ 4 ಮಿ.ಮೀ.’ ಡ್ರಾಪ್ ಎಂದರೆ ಹಿಮ್ಮಡಿ ಬೆರಳುಗಳಿಗಿಂತ ಎಷ್ಟು ಎತ್ತರದಲ್ಲಿ ಕೂರುತ್ತದೆ ಎಂಬ ಲೆಕ್ಕ. ಲಗ್ ಎಂದರೆ ಅಟ್ಟೆಯ ಅಡಿಯಲ್ಲಿ ನೆಲ ಕಚ್ಚುವುದಕ್ಕೆಂದು ಇರುವ ರಬ್ಬರಿನ ಗುಬುಟುಗಳು. “ಹಲ್ಲು ಅಂದ್ಕೊಳ್ಳಿ ಅಪ್ಪ” ಎಂದ ಮಗ. ಹಲ್ಲು ಎಂದ ಕೂಡಲೇ ನನಗೆ ಧೈರ್ಯ ಬಂತು. ಹಲ್ಲು ನೋಡಿ ವ್ಯಾಪಾರ ಮಾಡುವುದು ನಮ್ಮ ವಂಶದ ವಿದ್ಯೆ.

ನಮ್ಮ ತಾತ ಎತ್ತು ಕೊಳ್ಳುತ್ತಿದ್ದದ್ದು ಶಿವರಾತ್ರಿ ಹೊತ್ತಿಗೆ ನಡೆಯುವ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ. ಒಂದು ಸಲ ನನ್ನನ್ನೂ ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದರು. ಹಳ್ಳಿಕಾರ್ ಜೋಡಿಯೊಂದರ ಮುಂದೆ ನಿಂತು, ಒಂದು ಕೈಯಲ್ಲಿ ಮೂಗುದಾರ ಹಿಡಿದು, ಇನ್ನೊಂದು ಕೈಯಿಂದ ತುಟಿ ಸರಿಸಿ ಹಲ್ಲು ನೋಡಿದರು. ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದೆಯೋ ಎಂದು ನೋಡಿಯೇ ವಯಸ್ಸು ಹೇಳುವವರು ಅವರು. ಆಮೇಲೆ ಸುಳಿ, ಗೊರಸು, ಬಾಲ. ಇಷ್ಟಾದ ಮೇಲೂ ‘ನಡೆಸಿ ನೋಡೋಣ’ ಅನ್ನುತ್ತಿದ್ದರು. ಅದೂ ಚೊಕ್ಕ ನೆಲದಲ್ಲಲ್ಲ, ಉಳುಮೆಯ ಹೊಲಕ್ಕಿಳಿಸಿ. ಕೊನೆಗೆ ಟವೆಲ್ಲಿನ ಅಡಿಯಲ್ಲಿ ದಲ್ಲಾಳಿಯ ಬೆರಳು ಹಿಡಿದು ಮೌನವಾಗಿ ಚೌಕಾಶಿ. ಮುಖ ನೋಡಿದರೆ ಇಬ್ಬರೂ ಧ್ಯಾನದಲ್ಲಿ ಇದ್ದಂತೆ, ಟವೆಲ್ಲಿನ ಅಡಿಯಲ್ಲಿ ಮಾತ್ರ ಮಹಾಯುದ್ಧ. ತಂದ ಎತ್ತಿಗೆ ಲಾಳ ಕಟ್ಟಿಸಬೇಕು. ಅದನ್ನು ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಕಟ್ಟಿ, ಸೀಳು ಗೊರಸಿನ ಒಂದೊಂದು ಹೋಳಿಗೂ ಒಂದೊಂದು ಲಾಳ ಹೊಡೆಯುತ್ತಿದ್ದರು. ಅಂದರೆ ಎತ್ತೊಂದಕ್ಕೆ ಎಂಟು. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ ಕುದುರೆ ಫಾರಂ ನಮ್ಮ ಜಿಲ್ಲೆಯದೇ. ಅಲ್ಲಿಯ ಜಾತಿ ಕುದುರೆಗೂ ನಾಲ್ಕೇ ಲಾಳ ಸಾಕು. ಮನುಷ್ಯನಿಗೆ ಎರಡು. ಲೆಕ್ಕ ಹಾಕಿದರೆ ನಾನೇ ಎಲ್ಲರಿಗಿಂತ ಅಗ್ಗ ಎಂದು ಮನೆಯಾಕೆಗೆ ವಿವರಿಸಿದೆ. “ಎತ್ತು ದುಡಿಯುತ್ತೆ” ಎಂದಳು.

ಇಷ್ಟೆಲ್ಲ ವಂಶವಿದ್ಯೆ ಇದ್ದರೂ ಮೊದಲ ಜೊತೆಯಲ್ಲಿ ನಾನು ಮೋಸ ಹೋದೆ. ಮೋಸ ಮಾಡಿದವನೂ ನಾನೇ. ಫೋನಿನಲ್ಲೇ ತರಿಸಿದ್ದು. ನಂಬರು ಕೇಳಿದಾಗ ‘ಎಂಟು’ ಎಂದು ಒತ್ತಿದೆ. ಪಿಯುಸಿಯಿಂದ ನಾನು ಎಂಟೇ. ಮನುಷ್ಯ ದಪ್ಪಗಾದರೂ ಪಾದ ಹಾಗೇ ಇರುತ್ತದೆ ಎಂದು ನಂಬಿಕೊಂಡಿದ್ದೆ. ಬೆಳಿಗ್ಗೆ ಶೂ ಬಂತು, ಬೆಳಿಗ್ಗೆಯೇ ಹಾಕಿದೆ, ಹೇಳಿ ಮಾಡಿಸಿದ ಹಾಗೆ ಕೂತಿತು. ಕೆಂಪು ಬಣ್ಣ, ಹಳದಿ ದಾರ. ಮದುವೆಗೆ ಬಂದ ನೆಂಟರಿಗೆ ತೋರಿಸುವ ಹಾಗೆ ಮೂರು ದಿನ ಮನೆಯೊಳಗೆ ಹಾಕಿಕೊಂಡು ಓಡಾಡಿದೆ. ನಾಲ್ಕನೆಯ ದಿನ ಸಿದ್ಧಗಂಗೆಯ ಕಡೆ ಆರು ಕಿಲೋಮೀಟರ್ ಓಡಿದೆ, ಅಂದರೆ ಎರಡು ಓಡಿ ನಾಲ್ಕು ನಡೆದೆ. ಇಳಿಜಾರಿನಲ್ಲಿ ಒಂದೊಂದು ಹೆಜ್ಜೆಗೂ ಹೆಬ್ಬೆರಳು ಹೋಗಿ ಶೂವಿನ ಮೂತಿಗೆ ‘ಟಕ್’ ಎಂದು ಕುಟ್ಟುತ್ತಿತ್ತು, ಸಾಲಗಾರ ಬಾಗಿಲು ತಟ್ಟಿದ ಹಾಗೆ. ಸಂಜೆಗೆ ಎರಡೂ ಹೆಬ್ಬೆರಳಿನ ಉಗುರು ನೇರಳೆ ಹಣ್ಣಿನ ಬಣ್ಣ. ಓಡಿದ ಶೂ ವಾಪಸು ಹೋಗುವುದಿಲ್ಲ, ಉಂಡ ಎಲೆಯ ಹಾಗೆ.

ಶೂ ನಂಬರಿನ ಒಳಗುಟ್ಟು ಆಮೇಲೆ ಓದಿ ತಿಳಿದೆ. ನಾವು ಬಳಸುವುದು ಬ್ರಿಟಿಷರ ಅಳತೆ. ಅದರಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇರುವ ಅಂತರ ಒಂದು ಬಾರ್ಲಿ ಕಾಳಿನ ಉದ್ದ, ಇಂಚಿನ ಮೂರನೆಯ ಒಂದು ಭಾಗ. ಅಂದರೆ ನನ್ನ ಉಗುರು ಹೋದದ್ದು ಒಂದು ಜವೆಗೋಧಿ ಕಾಳಿಗಾಗಿ. ನಗಬೇಡಿ, ನಮ್ಮ ಹಿಂದಿನವರ ಲೆಕ್ಕದಲ್ಲೂ ಎಂಟು ಯವ ಸೇರಿದರೆ ಒಂದು ಅಂಗುಲ. ಎರಡು ಕಡೆಯವರೂ ಜಗತ್ತನ್ನು ಅಳೆಯಲು ಕಣಜಕ್ಕೇ ಕೈ ಹಾಕಿದ್ದಾರೆ. ಈ ಲೆಕ್ಕ ತುಮಕೂರು ಸೀಮೆಯಲ್ಲಿ ಹುಟ್ಟಿದ್ದರೆ ರಾಗಿಯಲ್ಲಿ ಅಳೆಯುತ್ತಿದ್ದೆವು. ಅಂಗಡಿಗೆ ಹೋಗಿ “ನೂರೆಂಬತ್ತು ರಾಗಿಯದು ಕೊಡಪ್ಪ” ಎಂದರೆ ಎಷ್ಟು ಕರಾರುವಾಕ್ಕಾಗಿ ಕೂರುತ್ತಿತ್ತು ಯೋಚಿಸಿ.

ಎರಡನೆಯ ಜೊತೆಗೆ ನಾನೇ ತುಮಕೂರಿಗೆ ಹೋದೆ, ಬಿ.ಎಚ್. ರಸ್ತೆಯ ಒಂದು ಅಂಗಡಿಗೆ. ಬಿ.ಎಚ್. ಎಂದರೆ ಬೆಂಗಳೂರು–ಹೊನ್ನಾವರ. ಹೆಸರಿನಲ್ಲೇ ಸಮುದ್ರದವರೆಗೆ ಓಡುವ ರಸ್ತೆಯಲ್ಲಿ ಓಡುವ ಶೂ ಕೊಳ್ಳುವುದು ಉಚಿತವೆಂದು ತೋರಿತು. ಈ ಸಲ ಹೋದದ್ದು ಸಂಜೆ. ದಿನವೆಲ್ಲ ನಿಂತು ನಡೆದು ಸಂಜೆಗೆ ಪಾದ ಊದಿರುತ್ತದೆ, ಓಡುವಾಗಲೂ ಊದುತ್ತದೆ, ಆದ್ದರಿಂದ ಸಂಜೆಯ ಪಾದವೇ ಸತ್ಯ ಹೇಳುವ ಪಾದ. ಓಡುವಾಗ ಹಾಕುವ ಕಾಲುಚೀಲವನ್ನೇ ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಒಗೆದದ್ದೇ. ಅಂಗಡಿಯ ಹುಡುಗ ಮಾತ್ರ ಸ್ವಲ್ಪ ಹಿಂದೆ ಸರಿದು ನಿಂತ.

ಅವನು ತಂದಿಟ್ಟ ಒಂಬತ್ತನೆಯ ನಂಬರಿನ ಶೂವನ್ನು ತಾತನ ಕ್ರಮದಲ್ಲೇ ಪರೀಕ್ಷೆಗೆ ಒಡ್ಡಿದೆ. ಮೊದಲು ಮಗುಚಿ ಹಲ್ಲು ನೋಡಿದೆ. ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಇದ್ದವು. ಒತ್ತಾಗಿದ್ದರೆ ನಡುವೆ ಕೆಸರು ಕೂತುಬಿಡುತ್ತದೆ. ಹೆಬ್ಬೆರಳಿನ ಉಗುರಿನಿಂದ ರಬ್ಬರು ಒತ್ತಿದೆ (ಕೈಯ ಹೆಬ್ಬೆರಳು, ಕಾಲಿನದು ಇನ್ನೂ ರಜೆಯಲ್ಲಿತ್ತು). ಗುರುತು ಮೂಡಿ ಮೆಲ್ಲಗೆ ಮಾಯವಾಯಿತು. ಕಲ್ಲಿನ ಮೇಲೆ ಹಿಡಿತ ಕೊಡುವುದು ಹಲ್ಲಿಗಿಂತ ಈ ಮೆದುತನವೇ. ಆಮೇಲೆ ಹಿಂದೆ ಮುಂದೆ ಹಿಡಿದು ಬಗ್ಗಿಸಿದೆ, ಸಂತೆಯಲ್ಲಿ ಬೆಂಡೆಕಾಯಿ ತುದಿ ಮುರಿದು ನೋಡುವ ಹಾಗೆ. ಬೆರಳು ಮಡಚುವ ಕಡೆ ಬಗ್ಗಬೇಕು, ನಟ್ಟನಡುವೆ ಮುರಿದಂತೆ ಬಗ್ಗಬಾರದು. ಬಗ್ಗಬೇಕಾದಲ್ಲೇ ಬಗ್ಗಿತು. ಹಾಕಿಕೊಂಡು ನಿಂತಾಗ ಮುಂದುಗಡೆ ಒಂದು ಹೆಬ್ಬೆರಳಿನ ಅಗಲ ಜಾಗ ಉಳಿಯಿತು.

“ನಡೆದು ನೋಡಿ ಸಾರ್” ಎಂದ ಹುಡುಗ. ಕನ್ನಡಿಯಂಥ ಟೈಲ್ಸ್ ನೆಲ. ಅಲ್ಲಿ ಯಾವ ಶೂವಾದರೂ ಮಹಾರಾಜನೇ.

“ಇಳಿಜಾರು ಎಲ್ಲಿದೆ?” ಎಂದೆ.

“ಏನ್ ಸಾರ್?”

“ಇಳಿಜಾರಪ್ಪ. ಇಳಿದು ನೋಡಬೇಕು.”

ಹುಡುಗ ಮಾಲೀಕರ ಕಡೆ ನೋಡಿದ. ಅವರು ಗಲ್ಲಾದಿಂದ ತಲೆಯೆತ್ತಿ ಬಾಗಿಲ ಕಡೆ ಕೈ ತೋರಿಸಿದರು. ರಾತ್ರಿ ಹೊತ್ತು ಸ್ಕೂಟರನ್ನು ಒಳಗೆ ಹತ್ತಿಸಲು ಮೆಟ್ಟಿಲಿಗೆ ಕೊಟ್ಟಿದ್ದ ಕಬ್ಬಿಣದ ಹಲಗೆ ಅದು, ಮೂರಡಿ ಉದ್ದ. ಅದರ ಮೇಲೆ ಹತ್ತಿದೆ, ಇಳಿದೆ. ಇಳಿಯುವಾಗ ಬೇಕೆಂದೇ ಗಕ್ಕನೆ ನಿಂತೆ. ಹೆಬ್ಬೆರಳು ಮೂತಿಗೆ ತಾಗಲಿಲ್ಲ. ನಂಬಿಕೆ ಬರಲಿಲ್ಲ, ಮತ್ತೆ ಹತ್ತಿದೆ, ಮತ್ತೆ ಇಳಿದೆ. ಏಳನೆಯದೋ ಎಂಟನೆಯದೋ ಸಲ ಇಳಿಯುವಾಗ ಎದುರಿಗೆ ನಮ್ಮ ಬೀಗರು ನಿಂತಿದ್ದರು, ಕೈಯಲ್ಲಿ ಬಾಳೆಹಣ್ಣಿನ ಚೀಲ. “ಏನು ಬೀಗರೇ, ಏನಾದರೂ ಬೀಳಿಸಿಕೊಂಡಿರಾ?” ಎಂದು ಮೃದುವಾಗಿ ಕೇಳಿದರು. ಇನ್ನೂ ಏನೂ ಬಿದ್ದಿಲ್ಲ ಎಂದೆ. ಬೆಲೆ ಆರು ಸಾವಿರದ ಎಂಟುನೂರು. ಟವೆಲ್ಲಿನ ಅಡಿ ಬೆರಳು ಹಿಡಿಯುವ ಪದ್ಧತಿ ಆ ಅಂಗಡಿಯಲ್ಲಿ ಇರಲಿಲ್ಲವಾದ್ದರಿಂದ ಪೂರ್ತಿ ಕೊಟ್ಟು ಬಂದೆ.

ಅಂದ ಹಾಗೆ, ಈ ಹಲ್ಲಿನ ಅಟ್ಟೆಗಳ ಕುಲದಲ್ಲಿ ಒಬ್ಬ ಮೂಲಪುರುಷನಿದ್ದಾನೆ, ಬಿಲ್ ಬೋವರ್‌ಮನ್ ಎಂದು. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಓಟದ ಗುರು, ನೈಕಿ ಕಂಪನಿ ಕಟ್ಟಿದವರಲ್ಲಿ ಒಬ್ಬ. 1971ರಲ್ಲಿ ಒಂದು ದಿನ ಬೆಳಗಿನ ತಿಂಡಿಗೆ ಹೆಂಡತಿ ವಾಫಲ್ ಮಾಡುತ್ತಿದ್ದಾಳೆ. ವಾಫಲ್ ಕಾವಲಿ ಎಂದರೆ ನಮ್ಮ ಪಡ್ಡಿನ ಕಾವಲಿಯ ದಾಯಾದಿ ಎಂದಿಟ್ಟುಕೊಳ್ಳಿ, ಗುಂಡು ಗುಳಿಯ ಬದಲು ಚೌಕದ ಗುಳಿ. ಅದನ್ನು ನೋಡಿ ಇವನಿಗೆ ಹೊಳೆಯಿತು, ಹಿಟ್ಟಿನ ಬದಲು ರಬ್ಬರಿನಂಥ ದ್ರವ ಸುರಿದರೆ? ಸುರಿದೇಬಿಟ್ಟ. ಅಂಟದ ಹಾಗೆ ಮೊದಲು ಕಾವಲಿಗೆ ಸವರಬೇಕಾದದ್ದನ್ನು ಮರೆತದ್ದರಿಂದ ಕಾವಲಿ ಮುಚ್ಚಿಕೊಂಡು ಮತ್ತೆ ತೆರೆಯಲೇ ಇಲ್ಲವಂತೆ. ಅವನ ಶೂ ಲೋಕಪ್ರಸಿದ್ಧವಾಯಿತು. ಆ ತಾಯಿ ಅವತ್ತು ಏನಂದಳೆಂದು ಯಾರೂ ಬರೆದಿಟ್ಟಂತಿಲ್ಲ. ನಮ್ಮ ಮನೆಯಲ್ಲಿ ಆಗಿದ್ದರೆ ಬೀದಿಯವರೆಲ್ಲ ಬರೆದಿಟ್ಟುಕೊಳ್ಳುವಷ್ಟು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅಂಟದ ಹಾಗೆ ಸವರುವ ಈ ವಿಷಯ ಸ್ವಲ್ಪ ನೆನಪಿನಲ್ಲಿರಲಿ.

ಹೊಸ ಶೂ ಹಾಕಿಕೊಂಡು ಮೊದಲು ಹೋದದ್ದು ಹತ್ತಿರದ ಬಸದಿ ಬೆಟ್ಟಕ್ಕೆ. ಮಂದರಗಿರಿ ಎಂಬುದು ಅದರ ಮಡಿ ಹೆಸರು. ಬೆಟ್ಟದ ಬುಡದಲ್ಲಿ ದಿಗಂಬರ ಮುನಿಗಳ ನವಿಲುಗರಿಯ ಪಿಂಛಿಯ ಆಕಾರದಲ್ಲೇ ಕಟ್ಟಿದ ಗುರುಮಂದಿರವಿದೆ. ಕೂರುವ ಜಾಗದಲ್ಲಿ ಒಂದು ಇರುವೆಗೂ ನೋವಾಗಬಾರದೆಂದು ಪಿಂಛಿಯಿಂದ ಸವರಿ ಕೂರುವವರು, ಆಯುಷ್ಯವೆಲ್ಲ ಬರಿಗಾಲಲ್ಲಿ ಊರೂರು ನಡೆಯುವವರು ಆ ಮುನಿಗಳು. ಅದರ ಮುಂದೆ ಹೊಸ ಶೂ ಹಾಕಿಕೊಂಡು ನಿಂತಾಗ ಒಂದು ಥರಾ ಆಯಿತು. ಮೆಟ್ಟಿಲ ಹತ್ತಿರ ಯಾರೋ ನಾಲ್ಕೈದು ಜೊತೆ ಚಪ್ಪಲಿ ಬಿಟ್ಟು ಹತ್ತಿದ್ದರು. ನಾನೂ ಬಿಚ್ಚಿಟ್ಟೆ. ಹೀಗಾಗಿ ಬೆಟ್ಟ ಹತ್ತಲೆಂದು ಕೊಂಡ ಶೂ ಮೊದಲ ಬೆಟ್ಟದ ಬುಡದಲ್ಲೇ ಕೂತು ನನಗಾಗಿ ಕಾಯಿತು. ಮೇಲೆ ಚಂದ್ರನಾಥನಿಗೆ ಕೈಮುಗಿಯುವಾಗಲೂ ಅರ್ಧ ಧ್ಯಾನ ಕೆಳಗೇ ಇತ್ತು.

ಇಳಿದು ಬಂದು ಮೈದಾಳ ಕೆರೆಯ ಕಡೆ ಓಡಿದೆ. ಗರಸು, ನೊರಜುಗಲ್ಲು, ಹುಲ್ಲು. ಕಾಲುಚೀಲಕ್ಕೆ ಉತ್ತರಾಣಿ ಬೀಜ ಹತ್ತಿಕೊಂಡದ್ದು ಬಿಟ್ಟರೆ ಶೂ ಒಂದು ಮಾತೂ ಆಡಲಿಲ್ಲ. ಅಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬ ನನ್ನನ್ನು ನಿಲ್ಲಿಸಿದ. ಅವನ ಕಾಲಲ್ಲಿ ಲಾರಿ ಟೈರಿನ ಚಪ್ಪಲಿ.

“ಎಷ್ಟ್ ಕೊಟ್ಟೆ ಸಾಮಿ ಬೂಟ್ಸಿಗೆ?”

ಹೇಳಿದೆ.

“ಅಯ್ ಸಿವನೇ, ಒಂದ್ ಮರಿ ಬರ್ತಿತ್ತಲ್ಲ!” ಎಂದು ಮರುಗಿದ. ಆಮೇಲೆ, “ಎಲ್ಲಿ, ಕಾಲೆತ್ತು” ಎಂದ. ಎತ್ತಿದೆ. ನನ್ನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಅಟ್ಟೆ ನೋಡಿದ, ಕುರಿಯ ಬಾಯಿ ಬಿಡಿಸಿ ನೋಡುವಷ್ಟೇ ಗಂಭೀರವಾಗಿ. “ಅಲ್ಲು ಚೆನ್ನಾಗವೆ. ಆದ್ರೆ ಮುಖ್ಯ ಅದಲ್ಲ, ನೀನು ಹಿಮ್ಮಡಿ ಊರಿ ಇಳೀತೀಯ. ಬೀಳ್ತೀಯ. ಮಂಡಿ ಬಗ್ಗಿಸ್ಕೊಂಡು ಸಣ್ಣ ಸಣ್ಣ ಹೆಜ್ಜೆ ಇಡು, ಕುರಿ ನೋಡು.” ಕುರಿ ನೋಡಿದೆ. ಅವನ ಮಾತು ನಿಜ. ಒಂದು ಕುರಿಯೂ ದೊಡ್ಡ ಹೆಜ್ಜೆ ಇಟ್ಟು ಇಳಿಯುತ್ತಿರಲಿಲ್ಲ. ಆರು ಸಾವಿರದ ಎಂಟುನೂರು ಕೊಟ್ಟ ಕಡೆ ಯಾರೂ ಇದನ್ನು ಹೇಳಿರಲಿಲ್ಲ.

ಮುಂದಿನ ಭಾನುವಾರ ದೇವರಾಯನದುರ್ಗ. ಬಾಮೈದನನ್ನೂ ಸಾಕ್ಷಿಗೆಂದು ಕರೆದುಕೊಂಡು ಹೋದೆ. ಶೂವಿನ ಕೊನೆಯ ತೂತಿನ ಪಕ್ಕದಲ್ಲಿ ಇನ್ನೊಂದು ತೂತು ಖಾಲಿ ಇರುತ್ತದಲ್ಲ, ಅದು ಲೆಕ್ಕ ತಪ್ಪಿ ಕೊರೆದದ್ದೆಂದು ಇಷ್ಟು ದಿನ ತಿಳಿದಿದ್ದೆ. ಅದರಲ್ಲಿ ದಾರ ತೂರಿಸಿ ಕುಣಿಕೆ ಮಾಡಿ, ಎದುರು ಬದಿಯ ದಾರವನ್ನು ಅದರೊಳಗೆ ಎಳೆದು ಕಟ್ಟಿದರೆ ಹಿಮ್ಮಡಿ ಕದಲುವುದಿಲ್ಲ, ಬೆರಳು ಮುಂದಕ್ಕೆ ಜಾರುವುದಿಲ್ಲ. ಹಾಗೆ ಬಿಗಿದುಕೊಂಡು, ಮಂಡಿ ಬಗ್ಗಿಸಿ, ಕುರಿಯನ್ನು ಮನಸ್ಸಿನಲ್ಲಿ ನೆನೆದು, ಆ ಬಂಡೆಯನ್ನು ಇಳಿದೆ. ಹಿಂದಿನ ದಿನ ಮಳೆ ಬಂದು ಪಾಚಿ ಹಾಗೇ ಹಸಿರಾಗಿತ್ತು. ಪಾಚಿ ಬಿಟ್ಟು ಒರಟು ಕಲ್ಲು ಕಂಡಲ್ಲಿ ಹೆಜ್ಜೆ ಇಟ್ಟೆ. ಶೂ ಕಚ್ಚಿ ಹಿಡಿಯಿತು. ಕೆಳಗಿಳಿದು ತಿರುಗಿ ನೋಡಿದರೆ, ಬಾಮೈದ ಚಪ್ಪಲಿಯಲ್ಲಿ ಆಗಲೇ ಇಳಿದು ಬಂದು ಕಡಲೆಕಾಯಿ ತಿನ್ನುತ್ತಿದ್ದ. ಅವನಿಗೆ ಯಾವತ್ತೂ ಸಾಕ್ಷಿ ಹೇಳುವ ಶಿಸ್ತಿಲ್ಲ.

ಇಲ್ಲಿಗೆ ಮುಗಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಅದು ಜೂನ್, ಹಲಸಿನ ಕಾಲ. ಹಲಸಿನ ವಿಷಯದಲ್ಲಿ ನಮ್ಮೂರು ಸಾಮಾನ್ಯದ್ದಲ್ಲ. ಇಲ್ಲಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಗುಬ್ಬಿ ತಾಲ್ಲೂಕು ಚೇಳೂರಿನ ರೈತರೊಬ್ಬರ ತೋಟದ ಮರವನ್ನು ಗುರುತಿಸಿ, ಕಸಿ ಸಸಿ ಮಾಡಿ ಹಬ್ಬಿಸಿದ್ದೇ ‘ಸಿದ್ದು’ ಹಲಸು, ತಾಮ್ರಗೆಂಪು ತೊಳೆ, ಎರಡೂವರೆ ಕಿಲೋ ಆಸುಪಾಸಿನ ಪುಟ್ಟ ಹಣ್ಣು. ಆ ರೈತರ ತಂದೆ ಸಿದ್ದಪ್ಪನವರ ಹೆಸರು ಅದಕ್ಕೆ. ನಮ್ಮ ಹಿತ್ತಿಲಿನದು ಅಂಥ ಕುಲೀನ ಮರವಲ್ಲ. ಹೆಸರಿಲ್ಲದ ಮರ, ಒಂದೊಂದು ಹಣ್ಣು ಹದಿನೈದು ಕಿಲೋ, ಹಣ್ಣಾದದ್ದನ್ನು ತಿಳಿಸದೆ ರಾತ್ರಿ ಹೊತ್ತು ಬೀಳಿಸುವ ಅಭ್ಯಾಸ. ನಸುಕಿನಲ್ಲಿ ಓಡಲು ಹೊರಟವನು ಹಿತ್ತಿಲ ದಾರಿ ಹಿಡಿದೆ. ಬಲಗಾಲು ಹಣ್ಣಿನೊಳಗೆ ಪಾದ ಮುಳುಗುವವರೆಗೆ ಇಳಿಯಿತು.

ಕೆಸರಿಗೆ ಬಗ್ಗದ ಹಲ್ಲು ಹಲಸಿನ ಸೊನೆಗೆ ಬಗ್ಗಿತು. ಹಲ್ಲಿನ ಸಂದುಸಂದಿಗೂ ಮೇಣ ತುಂಬಿ, ಅದಕ್ಕೆ ತರಗೆಲೆ ಅಂಟಿ, ಬಲಗಾಲಿನ ಶೂ ಸಣ್ಣದೊಂದು ಗೂಡಿನಂತಾಯಿತು. ನೀರಿಗೆ ಬಿಡಲಿಲ್ಲ, ಸೋಪಿಗೆ ಬಿಡಲಿಲ್ಲ. “ಹಲಸು ಕೊಯ್ಯೋವಾಗ ಕೈಗೆ ಏನ್ ಹಚ್ಕೋತೀರಿ? ಅದನ್ನೇ ಹಚ್ಚಿ” ಎಂದಳು ಮನೆಯಾಕೆ. ಕೊಬ್ಬರಿ ಎಣ್ಣೆ ಸುರಿದು, ಹಳೆಯ ಟೂತ್‌ಬ್ರಷ್ಷಿನಿಂದ ಒಂದೊಂದೇ ಹಲ್ಲನ್ನು ಉಜ್ಜಿದೆ. ನನ್ನ ಸ್ವಂತ ಹಲ್ಲಿಗೂ ಅಷ್ಟು ಹೊತ್ತು ಕೊಟ್ಟವನಲ್ಲ. ಅರ್ಧ ಗಂಟೆಯಲ್ಲಿ ಮೇಣವೆಲ್ಲ ಬಿಟ್ಟುಕೊಂಡು ಅಟ್ಟೆ ಮಿರಮಿರ ಮಿಂಚಿತು. ಎಷ್ಟು ಚೆನ್ನಾಗಿ ಬಂದಿದೆ ನೋಡು ಎಂದು ತೋರಿಸಲು ಹಾಕಿಕೊಂಡು ಜಗಲಿಗೆ ಬಂದೆ.

ನಮ್ಮದು ರೆಡ್ ಆಕ್ಸೈಡ್ ಜಗಲಿ. ನಲವತ್ತು ವರ್ಷದಿಂದ ತಿಕ್ಕಿ ತಿಕ್ಕಿ ಮುಖ ಕಾಣುವ ಹಾಗೆ ಇಟ್ಟಿದ್ದಾರೆ. ಸುಮಾರು ನಾಲ್ಕು ಸಾವಿರ ಅಡಿಯ ದುರ್ಗದಿಂದ ಇಳಿದು ಬಂದವನು ಮುಕ್ಕಾಲು ಅಡಿ ಎತ್ತರದ ಜಗಲಿಯ ಮೇಲೆ ಬಿದ್ದೆ. ಈ ಸಲ ‘ಕುಳಿತೆ’ ಎನ್ನುವಂತಿಲ್ಲ, ಪೂರ್ತಿ ಮಲಗಿದ್ದೆ. ಬಾಮೈದ ಆ ಹೊತ್ತಿಗೆ ಸರಿಯಾಗಿ ಗೇಟು ತೆಗೆಯುತ್ತಿದ್ದ.

ಎಣ್ಣೆ ಹೋಗಲು ಸೀಗೆಪುಡಿ ಹಾಕಿ ಎರಡು ಸಲ ಉಜ್ಜಬೇಕಾಯಿತು. ಈಗ ಶೂ ಸರಿಯಾಗಿದೆ, ಸೊಂಟವೂ ಹೆಚ್ಚುಕಡಿಮೆ ಸರಿಯಾಗಿದೆ, ಒಂಬತ್ತನೆಯ ನಂಬರಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಉಳಿದಿರುವುದು ಆ ಎಂಟನೆಯ ನಂಬರಿನದು. ಕೆಂಪು ಬಣ್ಣ, ಹಳದಿ ದಾರ, ಓಡಿರುವುದು ಆರೇ ಕಿಲೋಮೀಟರು, ಹಲ್ಲು ಒಂದೂ ಸವೆದಿಲ್ಲ. ಎಂಟರ ಕಾಲಿನವರು ಯಾರಾದರೂ ಹಿರೇಹಳ್ಳಿ ಕಡೆ ಬಂದರೆ ಹೇಳಿ. ಸಂಜೆ ಹೊತ್ತಿಗೇ ಬನ್ನಿ, ಬರುವಾಗ ಕಾಲುಚೀಲ ತನ್ನಿ. ಟವೆಲ್ ನಾನೇ ತಂದಿರುತ್ತೇನೆ.